ಔಷಧ ಮತ್ತು ಅಹಿಂಸೆ: ಸೊಲ್ಲಾಪುರದಲ್ಲಿ ಅಚ್ಚಾದ ಒಂದು ಗ್ರಂಥದ ಪ್ರಶ್ನೆ

ಯಾವುದೇ ಔಷಧವನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳಬಹುದು. ಅದರಿಂದ ರೋಗ ಗುಣವಾಗುತ್ತದೆಯೇ ಎಂಬುದು ಮೊದಲನೆಯದು. ಅದನ್ನು ಪಡೆಯುವಾಗ ಇನ್ನೊಂದು ಜೀವಕ್ಕೆ ಆಗುವ ಹಾನಿ ಧರ್ಮಕ್ಕೆ ಸಮ್ಮತವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಪರೀಕ್ಷೆಯಿಂದ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ವಿಚಾರದಿಂದ. ಗಿಡಮೂಲಿಕೆಗಳ ಸಂಶೋಧನೆಯ ಚರ್ಚೆಗಳಲ್ಲಿ ಇವೆರಡೂ ಬೆರೆತುಹೋಗುವುದುಂಟು: ಪವಿತ್ರವೆಂಬ ಒಂದೇ ಕಾರಣಕ್ಕೆ ಗಿಡವೊಂದರಲ್ಲಿ ಗುಣವಿದೆಯೆಂದು ನಂಬುವವರಿರುವಂತೆಯೇ, ಗುಣ ಸಾಬೀತಾದ ಮೇಲೆ ಅದನ್ನು ಪಡೆದ ಬಗೆಯನ್ನು ವಿಚಾರಿಸಬೇಕಿಲ್ಲವೆಂದು ತಿಳಿಯುವವರೂ ಇದ್ದಾರೆ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಸೊಲ್ಲಾಪುರ ಮತ್ತು ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ, ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಲು ಬೇಕಾದ ಸಾಮಗ್ರಿಯನ್ನು ತಮ್ಮ ಗ್ರಂಥಗಳಲ್ಲೂ ಮರಗಳಲ್ಲೂ ಇಟ್ಟುಕೊಂಡಿವೆ.

1940ರಲ್ಲಿ ಸೊಲ್ಲಾಪುರದ ಸಖಾರಾಮ ನೇಮಚಂದ ಗ್ರಂಥಮಾಲೆಯು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಹಿಂದಿ ಅನುವಾದದೊಡನೆ ಪ್ರಕಟಿಸಿತು. ಅದನ್ನು ಸಂಪಾದಿಸಿದವರು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು. ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಹಿಂದಿ ಓದುಗರಿಗೆ ತಲುಪಿಸಿದವರೂ ಇವರೇ. ಗ್ರಂಥಕರ್ತನಾದ ಉಗ್ರಾದಿತ್ಯಾಚಾರ್ಯನು ಶ್ರೀನಂದಿಯ ಶಿಷ್ಯನಾದ ಜೈನ ಮುನಿ. ಜೈನರು ವೈದ್ಯವಿದ್ಯೆಯನ್ನು ‘ಪ್ರಾಣಾವಾಯ’ ಎಂದು ಕರೆದು, ತಮ್ಮ ಪ್ರಾಚೀನ ಆಗಮಗಳಾದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾಗಿ ಎಣಿಸುತ್ತಾರೆ. ಈ ಪರಂಪರೆಯಲ್ಲಿ ತನಗಿಂತ ಹಿಂದಿನವರನ್ನು ಉಗ್ರಾದಿತ್ಯನು ಹೆಸರಿಸುತ್ತಾನೆ: ಕಣ್ಣು, ಕಿವಿ ಮೊದಲಾದವುಗಳ ಚಿಕಿತ್ಸೆಯಾದ ಶಾಲಾಕ್ಯದಲ್ಲಿ ಪೂಜ್ಯಪಾದ, ಶಸ್ತ್ರಚಿಕಿತ್ಸೆಯಾದ ಶಲ್ಯದಲ್ಲಿ ಪಾತ್ರಸ್ವಾಮಿ, ವಿಷಚಿಕಿತ್ಸೆಯಲ್ಲಿ ಸಿದ್ಧಸೇನ, ಮಕ್ಕಳ ರೋಗಗಳಲ್ಲಿ ಮೇಘನಾದ. ಕನ್ನಡದಲ್ಲಿಯೂ ಈ ಧಾರೆ ಹರಿದಿದೆ. ಪೂಜ್ಯಪಾದರದೆಂದು ಹೇಳಲಾಗುವ, ಇದೇ ಹೆಸರಿನ ಇನ್ನೊಂದು ಕಲ್ಯಾಣಕಾರಕವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಿಸಿದನು.

ಉಗ್ರಾದಿತ್ಯನ ಗ್ರಂಥದ ಕೊನೆಗೆ ‘ಹಿತಾಹಿತ’ವೆಂಬ ಪ್ರಕರಣವೊಂದು ಸೇರಿಕೊಂಡಿದೆ. ವೈದ್ಯಶಾಸ್ತ್ರದಲ್ಲಿ ಮಾಂಸದ ಬಳಕೆಯನ್ನು ನಿರಾಕರಿಸುವುದಕ್ಕಾಗಿ ಇದನ್ನು ನೃಪತುಂಗ ವಲ್ಲಭೇಂದ್ರನ ಸಭೆಯಲ್ಲಿ ಘೋಷಿಸಲಾಯಿತೆಂದು ಪ್ರಕರಣವೇ ಹೇಳಿಕೊಳ್ಳುತ್ತದೆ. ಈ ನೃಪತುಂಗನನ್ನು ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಗುರುತಿಸುತ್ತಾರೆ. ಆ ಸಭೆಯಲ್ಲಿ ಉಗ್ರಾದಿತ್ಯನು ಎದುರಿಸಿದ್ದು ಸಣ್ಣ ಪಕ್ಷವನ್ನಲ್ಲ. ಚರಕಸಂಹಿತೆಯ ಕ್ಷಯರೋಗದ ಚಿಕಿತ್ಸೆಯಲ್ಲಿ ಮಾಂಸಕ್ಕೆ ದೊಡ್ಡ ಸ್ಥಾನವಿದೆ. ಸೊರಗಿದ ರೋಗಿಯು ಹೇಸಿಕೊಳ್ಳಬಾರದೆಂದು ಕಾಗೆಯ ಮಾಂಸವನ್ನು ತಿತ್ತಿರಿ ಹಕ್ಕಿಯದೆಂದೂ ಹಾವಿನ ಮಾಂಸವನ್ನು ಮೀನಿನದೆಂದೂ ಹೇಳಿ ಬಡಿಸಬೇಕೆಂಬ ಸೂಚನೆಯವರೆಗೆ ಅದು ಹೋಗುತ್ತದೆ. ರೋಗಿಯ ಪ್ರಾಣವೊಂದೇ ವೈದ್ಯನ ಗುರಿಯಾದಾಗ ಹಕ್ಕಿಯ ಪ್ರಾಣವೂ ರೋಗಿಗೆ ಹೇಳುವ ಸತ್ಯವೂ ಹೇಗೆ ಹಿಂದೆ ಸರಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಉಗ್ರಾದಿತ್ಯನ ನಿಲುವು ಉದಾತ್ತವಾದದ್ದು, ಆದರೆ ಅದನ್ನು ಸಮರ್ಥಿಸಿದ ದಾರಿಯಲ್ಲಿ ಒಂದು ತೊಡಕಿದೆ. ಮಾಂಸವು ಅಧರ್ಮವೆಂದಷ್ಟೇ ಹೇಳಿ ಅವನು ನಿಲ್ಲುವುದಿಲ್ಲ. ಔಷಧವಾಗಿ ಅದು ನಿಷ್ಫಲವೆಂದೂ ವಾದಿಸುತ್ತಾನೆ. ಮಾಂಸ ತಿನ್ನುವ ವೈದ್ಯರ ಮುಂದೆ ವ್ರತದ ಮಾತು ನಡೆಯದು, ಅವರ ಶಾಸ್ತ್ರದ ಮಾತಿನಲ್ಲೇ ಅವರನ್ನು ಗೆಲ್ಲಬೇಕು ಎಂಬುದು ಇದರ ಹಿಂದಿನ ಲೆಕ್ಕಾಚಾರವಾಗಿರಬಹುದು. ಆದರೆ ಹೀಗೆ ಮಾಡಿದಾಗ ಧರ್ಮದ ನಿರ್ಣಯವೊಂದು ಪರೀಕ್ಷೆಗೆ ಒಳಪಡುವ ಹೇಳಿಕೆಯ ಮೇಲೆ ನಿಂತುಬಿಡುತ್ತದೆ. ನಿಶ್ಶಕ್ತನಾದ ರೋಗಿಗೆ ಮಾಂಸದ ಸಾರಿನ ಪ್ರೋಟೀನು ಬಲ ಕೊಡುತ್ತದೆಂದು ಇಂದಿನ ಪೋಷಣಶಾಸ್ತ್ರ ಹೇಳಿದರೆ ‘ನಿಷ್ಫಲ’ವೆಂಬ ವಾದ ಬಿದ್ದುಹೋಗುತ್ತದೆ, ಆದರೆ ಕೊಲ್ಲಬಾರದೆಂಬ ವ್ರತ ಬೀಳುವುದಿಲ್ಲ, ಏಕೆಂದರೆ ವ್ರತವು ಎಂದೂ ಫಲದ ಮೇಲೆ ನಿಂತಿರಲಿಲ್ಲ. ‘ಫಲವಿದ್ದರೂ ಬೇಡ’ ಎನ್ನುವುದೇ ಅಹಿಂಸೆಯ ನಿಜವಾದ ಮಾತು. ‘ಫಲವೇ ಇಲ್ಲ, ಆದ್ದರಿಂದ ಬೇಡ’ ಎನ್ನುವುದು ಅನುಕೂಲದ ಮಾತು.

ಮಾಂಸವನ್ನು ಬಿಟ್ಟು ಸಸ್ಯಕ್ಕೆ ಬಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದನ್ನು ಜೈನ ದರ್ಶನದಷ್ಟು ನಿಷ್ಠುರವಾಗಿ ಹೇಳಿದ ದರ್ಶನ ಬೇರೊಂದಿಲ್ಲ. ಅದರ ಪ್ರಕಾರ ಸಸ್ಯವೂ ಜೀವವೇ. ಸ್ಪರ್ಶವೊಂದೇ ಇಂದ್ರಿಯವಾಗಿರುವ ‘ಏಕೇಂದ್ರಿಯ’ ಜೀವ. ಆದ್ದರಿಂದ ಬೇರು ಕೀಳುವುದೂ ತೊಗಟೆ ಸುಲಿಯುವುದೂ ಹಿಂಸೆಯೇ. ಆದರೂ ಗೃಹಸ್ಥನು ಬದುಕಬೇಕಾದುದರಿಂದ ಹಿಂಸೆಯಲ್ಲಿ ಭೇದಗಳನ್ನು ಮಾಡಲಾಗಿದೆ: ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ‘ಸಂಕಲ್ಪೀ’ ಹಿಂಸೆಯನ್ನು ಅವನು ಪೂರ್ತಿಯಾಗಿ ಬಿಡಬೇಕು, ಅಡುಗೆ ಮೊದಲಾದ ಮನೆಗೆಲಸಗಳಲ್ಲಿ ತಪ್ಪಿಸಲಾಗದ ‘ಆರಂಭೀ’ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ನೆಲದಡಿಯ ಗೆಡ್ಡೆಗಳಲ್ಲಿ ಅನಂತ ಜೀವಗಳು ಒಂದೇ ದೇಹವನ್ನು ಹಂಚಿಕೊಂಡಿರುತ್ತವೆಂಬ ನಂಬಿಕೆಯಿಂದ ಅವುಗಳನ್ನು ವರ್ಜಿಸುವುದೂ ಈ ವಿಚಾರದ ಮುಂದುವರಿಕೆ.

ಇದು ಒಂದು ಬೇರಿನ ಮಟ್ಟಿಗೆ ಹೇಗೆ ನಡೆಯುತ್ತದೆಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಉತ್ತರದ ಕನ್ನಡಿಗರು ‘ಅಲ್ಲ’ ಎನ್ನುವ ಹಸಿಶುಂಠಿಯನ್ನು ವ್ರತನಿಷ್ಠ ಜೈನರು ಮುಟ್ಟುವುದಿಲ್ಲ. ಅದೇ ಒಣಗಿ ಶುಂಠಿಯಾದಾಗ ಕಷಾಯಕ್ಕೂ ಚೂರ್ಣಕ್ಕೂ ಬಳಸುತ್ತಾರೆ, ಏಕೆಂದರೆ ಆಗ ಅದರಲ್ಲಿ ಮೊಳೆಯುವ ಜೀವವಿಲ್ಲ. ರಸಾಯನಶಾಸ್ತ್ರವೂ ಈ ಎರಡನ್ನು ಒಂದೇ ಎನ್ನುವುದಿಲ್ಲ: ಹಸಿಬೇರಿನ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ದ್ರವ್ಯದ ಒಂದಂಶವು ಒಣಗುವಾಗ ನೀರಿನ ಅಂಶ ಕಳೆದುಕೊಂಡು ಶೋಗಾಲ್ ಎಂಬ ಇನ್ನೊಂದು ದ್ರವ್ಯವಾಗುತ್ತದೆ. ವ್ರತವೂ ವಿಜ್ಞಾನವೂ ಒಂದೇ ಬೇರಿನಲ್ಲಿ ಒಂದೇ ಗೆರೆಯನ್ನು ಎಳೆದಿವೆ. ಆದರೆ ಎಳೆದ ಕಾರಣಗಳು ಬೇರೆ ಬೇರೆ. ಶೋಗಾಲ್ ಇರುವುದರಿಂದ ವ್ರತವು ವೈಜ್ಞಾನಿಕವಾಗುವುದಿಲ್ಲ, ವ್ರತವಿರುವುದರಿಂದ ಶೋಗಾಲ್ ಪವಿತ್ರವಾಗುವುದೂ ಇಲ್ಲ.

ಇದೇ ಭೇದವನ್ನು ಅತ್ತಿಯ ಮರ ಇನ್ನಷ್ಟು ಹತ್ತಿರದಿಂದ ತೋರಿಸುತ್ತದೆ. ದತ್ತ ಸಂಪ್ರದಾಯಕ್ಕೆ ಔದುಂಬರ, ಎಂದರೆ ಅತ್ತಿ, ಪೂಜ್ಯವಾದ ಮರ. ದತ್ತಾವತಾರವೆಂದು ಭಕ್ತರು ನಂಬುವ, 1878ರಲ್ಲಿ ಸಮಾಧಿ ಹೊಂದಿದ ಸ್ವಾಮಿ ಸಮರ್ಥರ ಅಕ್ಕಲಕೋಟೆಯಲ್ಲಿ ಅವರು ಕುಳಿತಿರುತ್ತಿದ್ದ ಆಲದ ಮರವೇ ದೇವಾಲಯದ ಹೆಸರಾಗಿದೆ. ಇತ್ತ ಜೈನ ಶ್ರಾವಕರಿಗೆ ಮದ್ಯ, ಮಾಂಸ, ಜೇನುಗಳೊಡನೆ ಅತ್ತಿ, ಆಲ, ಅರಳಿ, ಬಸರಿ ಮೊದಲಾದ ಐದು ಬಗೆಯ ಹಣ್ಣುಗಳೂ ವರ್ಜ್ಯ. ಅತ್ತಿಹಣ್ಣನ್ನು ಬಿಡಿಸಿ ನೋಡಿದವರಿಗೆ ಕಾರಣ ತಿಳಿಯುತ್ತದೆ: ಹೊರಗೆ ನುಣುಪಾದ ಕೆಂಪು, ಒಳಗೆ ಗೋಡೆಯುದ್ದಕ್ಕೂ ಒತ್ತಾಗಿ ಅಂಟಿಕೊಂಡ ನೂರಾರು ಸಣ್ಣ ಹೂಗಳು, ಅವುಗಳ ನಡುವೆ ಹರಿದಾಡುವ ಪುಟ್ಟ ಕಣಜಗಳು. ಈ ಕಣಜವಿಲ್ಲದೆ ಅತ್ತಿಗೆ ಪರಾಗಸ್ಪರ್ಶವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಸಂತಾನವಿಲ್ಲ ಎಂಬುದನ್ನು ಜೀವಶಾಸ್ತ್ರವು ವಿವರಿಸಿದೆ. ಇವೇ ಮರಗಳ ತೊಗಟೆಯನ್ನು ಆಯುರ್ವೇದವು ‘ಪಂಚವಲ್ಕಲ’ದಲ್ಲಿ ಸೇರಿಸಿ, ಆ ಕಷಾಯದಿಂದ ಹುಣ್ಣುಗಳನ್ನು ತೊಳೆಯಲು ಹೇಳುತ್ತದೆ, ತೊಗಟೆಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಗಾಯವನ್ನು ಒಣಗಿಸಲು ನೆರವಾಗುತ್ತವೆಂಬ ವಿವರಣೆ ಇಂದಿನದು. ಒಂದೇ ಮರದ ಮುಂದೆ ಒಬ್ಬನು ಪ್ರದಕ್ಷಿಣೆ ಹಾಕುತ್ತಾನೆ, ಇನ್ನೊಬ್ಬನು ಹಣ್ಣನ್ನು ಬಿಡುತ್ತಾನೆ, ಮತ್ತೊಬ್ಬನು ತೊಗಟೆಯನ್ನು ಕುದಿಸುತ್ತಾನೆ; ಒಬ್ಬನ ಸತ್ಯ ಇನ್ನೊಬ್ಬನದನ್ನು ಸುಳ್ಳು ಮಾಡುವುದಿಲ್ಲ.

ಆದರೆ ಪೂಜ್ಯಭಾವವನ್ನೇ ಸಾಕ್ಷ್ಯವೆಂದು ಹಿಡಿದರೆ ಅಪಾಯವಿದೆ. ದೇವಿಯ ಹೆಸರು ಹೊತ್ತ ಈಶ್ವರಿ ಬೇರನ್ನು ಹಾವಿನ ವಿಷಕ್ಕೂ ಹೊಟ್ಟೆನೋವಿಗೂ ನಾಟಿ ವೈದ್ಯದಲ್ಲಿ ಬಹುಕಾಲದಿಂದ ಬಳಸಲಾಗಿದೆ. ಅದೇ ಕುಲದ ಗಿಡವೊಂದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಬೆರೆತಾಗ ಹಲವು ಮಹಿಳೆಯರ ಮೂತ್ರಪಿಂಡಗಳು ವಿಫಲವಾದವು. ಈ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಕ್ಯಾನ್ಸರ್‌ಕಾರಕವೆಂದು ಇಂದು ಸ್ಥಾಪಿತವಾಗಿದೆ. ಹಾನಿಯು ನಿಧಾನವಾಗಿ ಆಗುವುದರಿಂದ ತಲೆಮಾರುಗಳ ಅನುಭವಕ್ಕೂ ಅದು ಕಾಣದೆ ಹೋಯಿತು. ಅಕ್ಕಲಕೋಟೆಯ ಶಿವಪುರಿಯಲ್ಲಿ ಗಜಾನನ ಮಹಾರಾಜರು ಪ್ರಚಾರಕ್ಕೆ ತಂದ ಅಗ್ನಿಹೋತ್ರಕ್ಕೂ, ಪೂಜ್ಯಭಾವವು ಸಾಕ್ಷ್ಯವಲ್ಲವೆಂಬ ಈ ಮಾತು ಅನ್ವಯಿಸುತ್ತದೆ. ಸೂರ್ಯೋದಯ, ಸೂರ್ಯಾಸ್ತಗಳಲ್ಲಿ ತಾಮ್ರದ ಪಾತ್ರೆಯಲ್ಲಿ ಬೆರಣಿ ಉರಿಸಿ ತುಪ್ಪ ಸವರಿದ ಅಕ್ಕಿಯನ್ನು ಅರ್ಪಿಸುವ ಈ ಕ್ರಿಯೆಯ ಭಸ್ಮಕ್ಕೂ ಹೊಗೆಗೂ ರೋಗ ಗುಣಪಡಿಸುವ ಶಕ್ತಿಯಿದೆಯೆಂದು ಅನುಯಾಯಿಗಳು ಹೇಳುತ್ತಾರೆ. ಹಾಗೆ ಹೇಳಿದೊಡನೆ ಅದು ಪರೀಕ್ಷೆಯ ಅಂಗಳಕ್ಕೆ ಇಳಿದಂತೆ: ಅದೇ ಬೆರಣಿ, ಅದೇ ತುಪ್ಪ, ಅದೇ ಅಕ್ಕಿಯನ್ನು ಮಂತ್ರವಿಲ್ಲದೆ, ಬೇರೆ ಹೊತ್ತಿನಲ್ಲಿ ಉರಿಸಿ ಹೋಲಿಸಬೇಕಾಗುತ್ತದೆ. ಉಪಾಸನೆಯಾಗಿ ಉಳಿದಾಗ ಅದಕ್ಕೆ ಇಂಥ ಹೋಲಿಕೆಯ ಅಗತ್ಯವೇ ಇಲ್ಲ.

ವಿಜ್ಞಾನದ ಸಾಧನೆ ದೊಡ್ಡದು, ಅದರ ಬೆಲೆಯೂ ಸಣ್ಣದಲ್ಲ. ಕೆಮ್ಮಿಗೆ ಮನೆಮದ್ದಾದ ಆಡುಸೋಗೆಯ ವಾಸಿಸಿನ್ ಎಂಬ ದ್ರವ್ಯದ ಜಾಡಿನಲ್ಲಿ ಕಫವನ್ನು ಸಡಿಲಿಸುವ ಬ್ರೋಮ್‌ಹೆಕ್ಸಿನ್ ಸಿದ್ಧವಾಯಿತು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅದರಿಂದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಬೇಡಿಕೆ ಏರಿದಂತೆ ಕಾಡಿನ ಸರ್ಪಗಂಧವನ್ನು ಬೇರುಸಹಿತ ಕಿತ್ತು ಬರಿದು ಮಾಡಲಾಯಿತು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಹಾಕಬೇಕಾಯಿತು. ಇದರ ಜೊತೆಗೆ, ಆಲದ ತೊಗಟೆಯ ಸಾರ ರಕ್ತದ ಸಕ್ಕರೆಯನ್ನು ಇಳಿಸುತ್ತದೆಯೇ ಎಂದು ತಿಳಿಯಲು ನಡೆದ ಪರೀಕ್ಷೆಗಳಲ್ಲಿ ಇಲಿಗಳಿಗೆ ಮೊದಲು ಮಧುಮೇಹವನ್ನು ಉಂಟುಮಾಡಲಾಗಿದೆ. ಮಾಂಸವನ್ನು ಔಷಧದಿಂದ ಹೊರಗಿಟ್ಟ ಉಗ್ರಾದಿತ್ಯನ ಮುಂದೆ ಇಂದಿನ ‘ಶುದ್ಧ ಸಸ್ಯಜನ್ಯ’ ಔಷಧವನ್ನಿಟ್ಟರೆ, ಸೀಸೆಯ ಒಳಗಿರುವುದು ಸಸ್ಯವೇ ಆದರೂ ಅದು ಸಾಗಿಬಂದ ದಾರಿಯಲ್ಲಿ ಪಂಚೇಂದ್ರಿಯ ಜೀವಗಳು ಸತ್ತಿವೆಯೆಂದು ಅವನಿಗೆ ಹೇಳಬೇಕಾಗುತ್ತದೆ.

ಹಾಗೆಂದು ಸಂಶೋಧನೆಯನ್ನೇ ಬಿಡುವುದು ಉತ್ತರವಲ್ಲ. ಪರೀಕ್ಷಿಸದ ಬೇರನ್ನು ರೋಗಿಗೆ ಕೊಡುವುದೂ ಹಿಂಸೆಯೇ ಎಂಬುದಕ್ಕೆ ಬೆಲ್ಜಿಯಂನ ಪ್ರಕರಣ ಸಾಕು. ‘ಆರಂಭೀ’ ಹಿಂಸೆಯ ತತ್ತ್ವವು ಇಲ್ಲಿ ದಾರಿ ತೋರಿಸುತ್ತದೆ: ತಪ್ಪಿಸಲಾಗದ್ದನ್ನು ಒಪ್ಪಿಕೊಳ್ಳಬೇಕು, ಆದರೆ ಅದು ನಿಜವಾಗಿಯೂ ತಪ್ಪಿಸಲಾಗದ್ದೇ ಎಂದು ಪ್ರತಿಸಲವೂ ಕೇಳಬೇಕು. ಬೇರಿನ ಬದಲು ಎಲೆ, ಕೊಂಬೆಗಳು ಸಾಕೇ ಎಂದು ನೋಡುವ ಇಂದಿನ ಸಂಶೋಧನೆಗಳು ಈ ಪ್ರಶ್ನೆಯನ್ನೇ ಕೇಳುತ್ತಿವೆ. ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ ಬದಲು ಸೂಕ್ಷ್ಮಾಣುಗಳಿಂದ ಸಿದ್ಧಪಡಿಸಿದ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದಾಗ, ಕೊಲ್ಲದೆಯೂ ಚಿಕಿತ್ಸೆ ನೀಡಬಹುದೆಂಬುದು ಒಂದು ರೋಗದ ಮಟ್ಟಿಗಾದರೂ ಸ್ಪಷ್ಟವಾಯಿತು. ಪ್ರಾಣಿಪ್ರಯೋಗಕ್ಕೆ ಬದಲಿ ಹುಡುಕಬೇಕು, ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ಕಡಿಮೆ ಮಾಡಬೇಕು ಎಂದು ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳೂ ಇದೇ ಜಾಡಿನವು.

ಮಳಖೇಡದ ಸಭೆಯಲ್ಲಿ ಎದ್ದು, 1940ರಲ್ಲಿ ಸೊಲ್ಲಾಪುರದಲ್ಲಿ ಮತ್ತೆ ಅಚ್ಚಿನ ಬೆಳಕು ಕಂಡ ಪ್ರಶ್ನೆ ಇಂದು ದೇಶದ ಕಾನೂನಿನಲ್ಲಿಯೂ ಇದೆ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 17ನೆಯ ಕಲಮು, ಸಾಧ್ಯವಿದ್ದಲ್ಲೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆಂದು ಹೇಳುತ್ತದೆ. ಹೊಸ ಔಷಧಗಳ ಪರೀಕ್ಷೆಯ ನಿಯಮಗಳಿಗೆ 2023ರಲ್ಲಿ ಬಂದ ತಿದ್ದುಪಡಿ ಪ್ರಾಣಿಗಳಿಲ್ಲದ ವಿಧಾನಗಳಿಗೆ ಅವಕಾಶ ಕೊಟ್ಟಿದೆ. ಅದೇ 17ನೆಯ ಕಲಮು ದೊಡ್ಡ ಪ್ರಾಣಿಯ ಬದಲು ಇಲಿ, ಮೊಲ, ಕಪ್ಪೆಗಳು ಸಾಕಾದರೆ ಅವನ್ನೇ ಬಳಸಬೇಕೆನ್ನುತ್ತದೆ. ಜೈನ ಎಣಿಕೆಯಲ್ಲಿ ಅವು ಮೂರೂ ಮನುಷ್ಯನಂತೆಯೇ ಪಂಚೇಂದ್ರಿಯ ಜೀವಗಳು.