ಅತಿಜಾಗರೂಕತೆಯೂ ದೋಷವೆ?

ಎಚ್ಚರ ತಪ್ಪಿದವನನ್ನು ಲೋಕವು ಒಡನೆ ನಿಂದಿಸುತ್ತದೆ. ಎಚ್ಚರ ಮಿಕ್ಕವನನ್ನು ನಿಂದಿಸುವುದಿಲ್ಲ. ಅವನ ತಪ್ಪಿಗೆ ಭಯವು ಕಾರಣ, ಆ ಭಯಕ್ಕೆ ಸದುದ್ದೇಶವು ಕಾರಣ ಎಂದು ಕ್ಷಮಿಸಿಬಿಡುವುದೇ ವಾಡಿಕೆ. ಈ ಕ್ಷಮೆಯು ನ್ಯಾಯವೆ ಎಂಬುದು ವಿಚಾರಾರ್ಹವಾದುದು. ನಿದರ್ಶನಕ್ಕಾಗಿ ದೂರದೇಶದ ಕೈಗೆಲಸವೊಂದನ್ನು ನೋಡಬಹುದು.

ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಗುರಿಯಾಟದ ಅಭ್ಯಾಸವುಳ್ಳ ಅನೇಕ ಗೃಹಸ್ಥರು, ಒಮ್ಮೆ ಹಾರಿಸಿದ ಕಾಡತೂಸಿನ ಹಿತ್ತಾಳೆಯ ಕೋಶವನ್ನು ಬಿಸುಡದೆ ಮನೆಯಲ್ಲಿಯೇ ಪುನಃ ತುಂಬಿಕೊಳ್ಳುತ್ತಾರೆ. 1884ರಲ್ಲಿ ಜಾನ್ ಬಾರ್ಲೋ ಎಂಬಾತನು ಸ್ಥಾಪಿಸಿದ ಐಡಿಯಲ್ ಕಾರ್ಖಾನೆಯು ಇದಕ್ಕೆ ಇಕ್ಕಳದಂಥ ಸಾಧನಗಳನ್ನು ಮಾರುತ್ತಿತ್ತು. (ಭಾರತದಲ್ಲಾದರೋ 1959ರ ಆಯುಧಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.) ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ತೂಗಿ ಹಾಕಿ, ಗುಂಡನ್ನು ಇಳಿಸಿದಮೇಲೆ, ಕಡೆಗೆ ಕೋಶದ ಬಾಯಂಚನ್ನು ಅಚ್ಚಿನಿಂದ ಗುಂಡಿನ ಮೇಲೆ ಒತ್ತುತ್ತಾರೆ. ಇದಕ್ಕೆ ಕ್ರಿಂಪ್ ಎಂದು ಹೆಸರು.

ನೋಟಕ್ಕೆ ಇದು ಅಲ್ಪಕಾರ್ಯ. ಆದರೆ ರಿವಾಲ್ವರಿನ ಒಂದು ಕಾಡತೂಸು ಸಿಡಿದು ಆಯುಧವು ಹಿಂದಕ್ಕೆ ಒದೆದಾಗ, ಉಳಿದ ಮನೆಗಳಲ್ಲಿರುವ ಗುಂಡುಗಳು ಸಡಿಲವಾಗಿದ್ದರೆ ಮುಂದಕ್ಕೆ ಜರುಗುತ್ತವೆ. ಒಂದು ಹೊರಚಾಚಿದರೂ ತಿರುಗುವ ಉರುಳೆ ತಡೆದು ನಿಲ್ಲುತ್ತದೆ. ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಇದಕ್ಕೆ ವಿಪರೀತ: ಗುಂಡು ಒಳಕ್ಕೆ ಕುಸಿಯುತ್ತದೆ, ಮದ್ದಿನ ಎಡೆ ಕಿರಿದಾಗಿ ಒತ್ತಡ ಅಪಾಯದ ಮಟ್ಟಿಗೆ ಏರಬಹುದು. ಇದನ್ನು ಬಲ್ಲ ಅಂಜುಬುರುಕನು ಏನು ಮಾಡುವನು? ಸನ್ನೆಯನ್ನು ಇನ್ನಷ್ಟು ಒತ್ತುವನು. ಸೋಜಿಗವಿರುವುದು ಇಲ್ಲಿಯೇ. ಹಿತ್ತಾಳೆಗೆ ತುಸು ಮರಳಿ ಅರಳುವ ಸ್ವಭಾವವುಂಟು, ಸೀಸಕ್ಕೆ ಅದಿಲ್ಲ. ಮಿತಿಮೀರಿ ಅದುಮಿದ ಗುಂಡು ಕುಗ್ಗಿದ ಹಾಗೆಯೇ ಉಳಿದು, ಕೋಶವು ಹಿಗ್ಗಿ, ಬಿಗಿಯೇ ಸಡಿಲಕ್ಕೆ ಕಾರಣವಾಗುತ್ತದೆ. ಒಂಬತ್ತು ಮಿಲಿಮೀಟರಿನ ಕಾಡತೂಸಿನಂಥವು ಆಯುಧದೊಳಗೆ ನಿಲ್ಲುವುದೇ ಬಾಯಂಚಿನ ಆಧಾರದಿಂದ. ಆ ಅಂಚನ್ನು ಒಳಕ್ಕೆ ಸುರುಳಿಸಿದರೆ ಆ ಆಧಾರವೇ ಹೋಯಿತು.

ಬತ್ತವನ್ನು ಕುಟ್ಟುವ ವಿಧಿಯನ್ನು ಕುರಿತು ಮೀಮಾಂಸಕರು ಮಾಡಿದ ವಿಚಾರವು ಇಲ್ಲಿ ಸ್ಮರಣೀಯ. ಎಷ್ಟು ಸಲ ಕುಟ್ಟಬೇಕೆಂದು ವೇದವು ಹೇಳಿಲ್ಲ; ಉಮಿ ಬಿಡುವುದೆಂಬ ದೃಷ್ಟಫಲವೇ ಅದರ ಅವಧಿ. ಅಕ್ಕಿಯಾದ ಬಳಿಕ ಒನಕೆಯೆತ್ತುವವನು ನುಚ್ಚುಮಾಡುವನೇ ಹೊರತು ಹೆಚ್ಚಿನ ಪುಣ್ಯವನ್ನು ಗಳಿಸುವುದಿಲ್ಲ. ಹಾಗಿದ್ದೂ ಆ ಹೆಚ್ಚಿನ ಏಟಿನಿಂದ ಒಂದು ಫಲವುಂಟಾಗುತ್ತದೆ. ಅದು ಕುಟ್ಟುವವನ ಮನಸ್ಸಿನ ಸಮಾಧಾನ. ಕಾಡತೂಸನ್ನು ತುಂಬುವವನ ವಿಷಯದಲ್ಲಿ ಈ ಸಮಾಧಾನದ ಬೆಲೆಯನ್ನು ತೆರುವವನು ಬೇರೊಬ್ಬನಾಗಿರಬಹುದು. ಹಾರಿಸುವ ಕೈ ಮಗನದೋ ಗೆಳೆಯನದೋ ಆಗಿರುವುದುಂಟಷ್ಟೆ.

ಅಜಾಗರೂಕನು ಪರರನ್ನು ಮರೆತನು. ಅತಿಜಾಗರೂಕನೂ, ಪರರಿಗಾಗಿ ಆರಂಭಿಸಿದ ಕೆಲಸವನ್ನು ಎಲ್ಲಿಯೋ ನಡುವೆ ತನಗಾಗಿ ಮಾಡತೊಡಗಿದನು. ಎರಡನೆಯ ಅಪರಾಧವು ಲಘುವೆನ್ನಲು ಕಾರಣ ಕಾಣದು. ಮೊದಲನೆಯವನಾದರೂ ತಪ್ಪನ್ನು ತೋರಿಸಿದರೆ ನಾಚುತ್ತಾನೆ. ಎರಡನೆಯವನು ಅದನ್ನು ಗುಣವೆಂದೇ ಎಣಿಸಿರುವುದರಿಂದ ತಿದ್ದಿಕೊಳ್ಳುವುದು ಕಷ್ಟ.

ಈ ಕೆಲಸದಲ್ಲಿ ನುರಿತವರು ಅನುಸರಿಸುವ ಪರೀಕ್ಷೆಯೊಂದುಂಟು. ಸಿದ್ಧವಾದ ಕಾಡತೂಸಿನ ಉದ್ದವನ್ನು ಅಳೆದು, ಗುಂಡಿನ ತುದಿಯನ್ನು ಮೇಜಿನ ಅಂಚಿಗೆ ಒತ್ತಿ, ಮತ್ತೆ ಅಳೆಯುತ್ತಾರೆ. ಅಳತೆ ಕುಗ್ಗಿದ್ದರೆ ಅದನ್ನು ಬೇರೆ ಇಟ್ಟು ಬಿಚ್ಚತಕ್ಕದ್ದು. ಕುಗ್ಗದಿದ್ದರೆ ಕೆಲಸ ಮುಗಿಯಿತು. ಮುಗಿಯಿತೆಂದು ಅಳತೆಗೋಲು ಹೇಳಿದ ಮೇಲೂ ಕೈಯು ಮತ್ತೊಮ್ಮೆ ಸನ್ನೆಯ ಕಡೆಗೆ ಹೋಗುವುದುಂಟು.