ಪಾಕಶಾಲೆಯ ಜೀರ್ಣೋದ್ಧಾರ



ಹೊಸ ಮನೆಯ ಪ್ರವೇಶಕ್ಕೆ ಹೋದ ಅತಿಥಿಗೆ ಯಜಮಾನನು ಮೊದಲು ತೋರಿಸುವುದು ತಲೆಬಾಗಿಲಿನ ಕೆತ್ತನೆಯನ್ನು. ಅನಂತರ ಪಡಸಾಲೆ, ದೇವರ ಜಗಲಿ, ಮಹಡಿಯ ಕೋಣೆಗಳು. ಅಡುಗೆಮನೆಯ ಸರದಿ ಬರುವಷ್ಟರಲ್ಲಿ ಊಟಕ್ಕೆ ಕರೆ ಬಂದಿರುತ್ತದೆ. ನಮ್ಮಲ್ಲಿ ಮನೆಯನ್ನು ತೋರಿಸುವ ಕ್ರಮದಂತೆಯೇ ಕಟ್ಟುವ ಕ್ರಮವೂ ಇರುವುದುಂಟು. ಉಳಿದ ಹಣದಲ್ಲಿ, ಉಳಿದ ಮೂಲೆಯಲ್ಲಿ, ಉಳಿದ ಸಾಮಗ್ರಿಯಿಂದ ಅಡುಗೆಮನೆ ಎದ್ದು ನಿಲ್ಲುತ್ತದೆ. ದಿನಕ್ಕೆ ಒಂದು ಗಳಿಗೆ ಕುಳಿತುಕೊಳ್ಳುವ ಪಡಸಾಲೆಗೆ ನಾಲ್ಕು ಕಿಟಕಿ. ದಿನದ ಅರ್ಧಭಾಗ ಒಂದು ಜೀವ ದುಡಿಯುವ ಕೋಣೆಗೆ ಒಂದೇ ಬೆಳಕಿಂಡಿ.

ಅಡುಗೆಮನೆಯನ್ನು ಕಿತ್ತು ಹೊಸದಾಗಿ ಕಟ್ಟಿಸಿ, ಅಲ್ಲಿ ನಿಂತು ಸಂತೋಷದಿಂದ ಅಡುಗೆ ಮಾಡುವುದು ಧರ್ಮವಿಚಾರಕ್ಕೆ ಯೋಗ್ಯವಾದ ವಿಷಯವೇ ಎಂದು ನೀವು ಕೇಳಬಹುದು. ಸರಳ ಜೀವನವನ್ನು ಬೋಧಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಇದು ಭೋಗದ ಮಾತಾಗಿ ಕೇಳಿಸುವುದು ಸಹಜ. ನನಗೂ ಹಾಗೆಯೇ ಕೇಳಿಸುತ್ತಿತ್ತು. ಆ ಅಭಿಪ್ರಾಯವನ್ನು ನಾನೇಕೆ ಬದಲಾಯಿಸಿಕೊಂಡೆನೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ನಿಮ್ಮಲ್ಲಿ ಅನೇಕರಂತೆ ನಾನೂ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದವನು. ಅಲ್ಲಿ ಸರದಿಯ ಪ್ರಕಾರ ಕಾಯಿಪಲ್ಯೆ ಹೆಚ್ಚಿದ್ದೇನೆ, ಪಂಕ್ತಿಯಲ್ಲಿ ಬಗ್ಗಿ ಬಡಿಸಿದ್ದೇನೆ, ದೊಡ್ಡ ಹಂಡೆಗಳನ್ನು ಬೂದಿ ಹಚ್ಚಿ ತಿಕ್ಕಿದ್ದೇನೆ. ಅದನ್ನು ಕೀಳು ಕೆಲಸವೆಂದು ಯಾರೂ ಹೇಳಲಿಲ್ಲ. ನಮಗೂ ಹಾಗೆ ಅನಿಸಲಿಲ್ಲ. ಆದರೆ ಓದು ಮುಗಿದು, ನೌಕರಿ ಹತ್ತಿ, ಮದುವೆಯಾದ ಮರುದಿನದಿಂದ ನಾನು ತಾಟಿನ ಮುಂದೆ ಕುಳಿತುಕೊಳ್ಳುವವನಾದೆ. ಮಠದಲ್ಲಿ ಹತ್ತಾರು ಜನಕ್ಕೆ ಬಡಿಸಿದ ಕೈ, ಮನೆಯಲ್ಲಿ ನೀರಿನ ತಂಬಿಗೆಯನ್ನೂ ತಾನಾಗಿ ತುಂಬಿಕೊಳ್ಳಲಿಲ್ಲ. ಮಠದಲ್ಲಿ ಸೇವೆಯಾಗಿದ್ದದ್ದು ಮನೆಯಲ್ಲಿ ಹೆಂಗಸರ ಕೆಲಸವಾದದ್ದು ಯಾವ ದಿನದಿಂದ, ಯಾವ ನ್ಯಾಯದಿಂದ? ಮೂವತ್ತೈದು ವರ್ಷ ನಾನು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.

ನಮ್ಮದು ತಂದೆಯವರು ಕಟ್ಟಿಸಿದ ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆ. ಅಡುಗೆಮನೆಯ ಜಂತಿಗಳು ಹೊಗೆಯಿಂದ ಕರ್ರಗಾಗಿದ್ದವು. ನನ್ನ ತಾಯಿಯವರು ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ವರ್ಷಗಳಲ್ಲಿ ಅವರ ಕೆಮ್ಮು ರಾತ್ರಿಯಿಡೀ ಪಡಸಾಲೆಗೆ ಕೇಳಿಸುತ್ತಿತ್ತು. ವಯಸ್ಸಿನ ಕೆಮ್ಮೆಂದು ನಾವು ಸುಮ್ಮನಾದೆವು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದುದನ್ನು ಓದಿದಾಗ, ಆ ಕೆಮ್ಮು ಮತ್ತೆ ಕೇಳಿಸಿದಂತಾಯಿತು. ಉಪಾಯವಿಲ್ಲದ ಕಾಲವೂ ಅದಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು, ಕಟ್ಟಿಗೆಯನ್ನು ಉಳಿಸುವ ಮತ್ತು ಹೊಗೆಯನ್ನು ಕೊಳವೆಯ ಮೂಲಕ ಹೊರಗೊಯ್ಯುವ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಪರಿಚಯಿಸಿದ್ದರು. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ, ಮೆಚ್ಚಿ, ಪತ್ರಿಕೆಯನ್ನು ಮಡಿಚಿಟ್ಟಿದ್ದೆ.

ಇಲ್ಲಿ ಒಂದು ತಾತ್ತ್ವಿಕ ಪ್ರಶ್ನೆ ಏಳುತ್ತದೆ. ನಮ್ಮ ಧರ್ಮದಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ಅರ್ಪಿತವಾಗುವ ತನಕ ಅನ್ನವು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಉಣ್ಣುವವನ ಭಾವದಿಂದ ಈ ಪರಿವರ್ತನೆ ಆಗುತ್ತದೆಂದು ನಾವು ನೂರು ಬಾರಿ ಕೇಳಿದ್ದೇವೆ. ಆದರೆ ಮಾಡುವವರ ಭಾವಕ್ಕೆ ಅಲ್ಲಿ ಸ್ಥಾನವಿಲ್ಲವೇ? ಒಬ್ಬಳು ಬೆವರಿಳಿಸುತ್ತ, ಉಸಿರುಗಟ್ಟುತ್ತ, ಬೇರೆ ದಾರಿಯಿಲ್ಲದೆ ಬೇಯಿಸಿಟ್ಟುದನ್ನು ನಾನು ಕಣ್ಣುಮುಚ್ಚಿ ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸಿದರೆ, ಅರ್ಪಿಸಿದ್ದು ಯಾರ ದುಡಿಮೆಯನ್ನು? ಕೊಟ್ಟವಳ ಸಂತೋಷವಿಲ್ಲದ ವಸ್ತುವನ್ನು ನನ್ನದೆಂದು ಅರ್ಪಿಸುವ ಅಧಿಕಾರ ನನಗೆಲ್ಲಿಂದ ಬಂತು? ಕಾಯಕವೆಂಬ ಮಾತಿನ ಜೀವಾಳವೇ ಮನಃಪೂರ್ವಕತೆ. ಮನಸ್ಸಿಲ್ಲದ ದುಡಿಮೆಯನ್ನು ಶರಣರು ಕಾಯಕವೆಂದು ಕರೆಯಲಿಲ್ಲ. ಹಾಗಾದರೆ ಅಡುಗೆಯನ್ನು ಕಾಯಕವೆಂದು ವೇದಿಕೆಯ ಮೇಲೆ ಹೊಗಳಿ, ಅದು ಮನಃಪೂರ್ವಕವಾಗಿ ನಡೆಯುವುದಕ್ಕೆ ಬೇಕಾದ ಬೆಳಕು, ಗಾಳಿ, ಬಿಡುವು, ಜೊತೆಗಳನ್ನು ಒದಗಿಸದೆ ಇರುವುದು ಬಾಯಿಮಾತಿನ ಭಕ್ತಿಯಾಗುವುದಿಲ್ಲವೇ?

ನಿವೃತ್ತಿಯ ಕಾಲಕ್ಕೆ ಬಂದ ಹಣದ ಒಂದು ಪಾಲನ್ನು ಅಡುಗೆಮನೆಗೆ ಮೀಸಲಿಟ್ಟೆ. ಆಗಲೂ ನನ್ನ ತಪ್ಪು ನಿಲ್ಲಲಿಲ್ಲ. ಗೌಂಡಿಯನ್ನು ಕೇಳಿದೆ, ಬಡಿಗನನ್ನು ಕೇಳಿದೆ, ಪಟ್ಟಣದಲ್ಲಿರುವ ಮಗನನ್ನು ಕೇಳಿದೆ. ಕನ್ನಡಿಯಂತೆ ಹೊಳೆಯುವ ಕರಿಯ ಗ್ರಾನೈಟ್ ಕಲ್ಲನ್ನು ಆರಿಸಿದೆ. ಮೂವತ್ತೈದು ವರ್ಷ ಅಲ್ಲಿ ದುಡಿದವರನ್ನು ಮಾತ್ರ ಕೇಳಲಿಲ್ಲ. ಕಲ್ಲಿನ ತುಣುಕನ್ನು ತಂದು ತೋರಿಸಿದಾಗ ನನ್ನ ಪತ್ನಿ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಕಲ್ಲು ಯಾವ್ದರ ಹಾಕಸ್ರಿ. ಇಬ್ಬರು ನಿಂತು ಕೆಲಸಾ ಮಾಡೂವಷ್ಟು ಜಾಗಾ ಇರ್ಲಿ" ಎಂದರು. ಮಾತಿನಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಆ ಎರಡನೆಯವರು ಯಾರೆಂದು ನಾನೂ ಕೇಳಲಿಲ್ಲ, ತಿಳಿದಿತ್ತು.

ಆ ಮಾತಿನ ತೂಕ ನನಗೆ ಪೂರ್ಣವಾಗಿ ಅರಿವಾದದ್ದು, ದೂರದ ಒಂದು ದೇಶದ ಪ್ರಯೋಗವನ್ನು ಕುರಿತು ಓದಿದಾಗ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕ ಕುಟುಂಬಗಳಿಗೆ ಮನೆಗಳನ್ನು ಕಟ್ಟುತ್ತಿದ್ದಾಗ, ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿಯು 1926ರಲ್ಲಿ ಒಂದು ಹೊಸ ಬಗೆಯ ಅಡುಗೆಮನೆಯನ್ನು ರೂಪಿಸಿದರು. ರೈಲುಗಾಡಿಯ ಊಟದ ಡಬ್ಬಿಯಲ್ಲಿ ಚಿಕ್ಕ ಸ್ಥಳದಲ್ಲೇ ಅಡುಗೆ ನಡೆಯುವ ಬಗೆಯನ್ನು ಗಮನಿಸಿ, ಗೃಹಿಣಿಯ ಪ್ರತಿಯೊಂದು ಹೆಜ್ಜೆಯನ್ನು ಲೆಕ್ಕಹಾಕಿ, ಆಕೆಯ ಶ್ರಮವನ್ನು ಇಳಿಸಬೇಕೆಂದು ಹವಣಿಸಿದರು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಅಳವಟ್ಟಿತು. ಇಂದಿನ ಸಿದ್ಧ ಅಡುಗೆಮನೆಗಳಿಗೆಲ್ಲ ಅದು ಮೂಲ. ಹೆಂಗಸಿನ ಶ್ರಮವು ಎಣಿಕೆಗೆ ಯೋಗ್ಯವಾದುದೆಂದು ಒಪ್ಪಿಕೊಂಡದ್ದು ಅದರ ಹಿರಿಮೆ. ಆದರೆ ಕಾಲಕ್ರಮದಲ್ಲಿ ಅದರ ದೋಷವನ್ನೂ ವಿಚಾರವಂತ ಸ್ತ್ರೀಯರು ಎತ್ತಿ ತೋರಿಸಿದರು. ಕೋಣೆಯು ಒಬ್ಬರಿಗಷ್ಟೇ ಸಾಲುವಂತಿದ್ದುದರಿಂದ ಆಕೆಯು ಮನೆಯ ಉಳಿದವರಿಂದ ದೂರವಾಗಿ ಅಲ್ಲಿಯೇ ಒಂಟಿಯಾದಳು. ಹೆಜ್ಜೆಗಳು ಕಡಿಮೆಯಾದವು, ಹೊರೆಯನ್ನು ಹಂಚಿಕೊಳ್ಳುವ ಕೈಗಳು ಹೆಚ್ಚಲಿಲ್ಲ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ನಿಂತ ನನ್ನ ಪತ್ನಿಯು ಒಂದೇ ವಾಕ್ಯದಲ್ಲಿ ಅದನ್ನೇ ಹೇಳಿದ್ದರು.

ಆ ಮೇಲೆ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಪೂರ್ವದ ಗೋಡೆಯನ್ನು ಒಡೆದು ಕಿಟಕಿ ಇಡಿಸಿದೆವು. ಒಲೆಯ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಲು ದಾರಿ ಮಾಡಿದೆವು. ಕಟ್ಟೆಯ ಎತ್ತರವನ್ನು ಗೌಂಡಿಯ ರೂಢಿಗೆ ಬಿಡದೆ, ಮನೆಯವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರುವಂತೆ ಅಳೆದು ನಿಲ್ಲಿಸಿದೆವು. ಹೊಳೆಯುವ ಕಲ್ಲಿನ ಬದಲು ಒರಟು ಕಡಪ ಕಲ್ಲು ಬಂತು. ನಿಂತು ಮಾಡುವ ಕಟ್ಟೆಯಿದ್ದರೂ, ರೊಟ್ಟಿಗೆ ಕೂತೇ ಹದವೆಂದು ಅವರು ಹೇಳಿದುದರಿಂದ ಒಂದು ಮೂಲೆಯಲ್ಲಿ ಗೇಣೆತ್ತರದ ತಗ್ಗು ಕಟ್ಟೆಯೂ ಉಳಿಯಿತು. ತಾಯಿಯವರ ಕೊಣಮಿಗೆಯನ್ನು ತೊಳೆದು ಎಣ್ಣೆ ಹಚ್ಚಿ ಅಲ್ಲಿಟ್ಟೆವು. ಒಬ್ಬರ ಬೆನ್ನಿಗೆ ಒಬ್ಬರು ತಾಗದಂತೆ ಇಬ್ಬರು ತಿರುಗಾಡುವಷ್ಟು ಸ್ಥಳ ಬಿಟ್ಟೆವು.

ಸ್ಥಳ ಬಿಟ್ಟ ಮೇಲೆ ನಿಲ್ಲದೆ ಗತಿಯಿರಲಿಲ್ಲ. ಅರವತ್ತರ ವಯಸ್ಸಿನಲ್ಲಿ ನಾನು ರೊಟ್ಟಿ ಕಲಿತೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರನ್ನು ಹೊಯ್ದು, ಹಿಟ್ಟಿನ ಪಿಷ್ಟವು ತುಸು ಬೆಂದು ತಾನೇ ಬಂಧಕವಾಗುವಂತೆ ನಾದಬೇಕು. ಎಸರು ಆರಿದ್ದರೆ ಅಂಚು ಒಡೆಯುತ್ತದೆ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಅರಿವೆಯಿಂದ ನೀರು ಸವರಬೇಕು. ತಡವಾದರೆ ರೊಟ್ಟಿ ಬಿರಿಯುತ್ತದೆ, ಉಬ್ಬುವುದಿಲ್ಲ. ನನ್ನ ಮೊದಲ ರೊಟ್ಟಿಗಳು ಯಾವ ದೇಶದ ನಕಾಶೆಗೂ ಹೊಂದುವಂತಿರಲಿಲ್ಲ. ಮೂರನೆಯ ವಾರ ಒಂದು ರೊಟ್ಟಿ ಪೂರ್ಣವಾಗಿ ಉಬ್ಬಿತು. ವಾಚಕರೆ, ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ: ನೌಕರಿಯಲ್ಲಿ ಬಡ್ತಿ ದೊರೆತ ದಿನವೂ ನನಗೆ ಅಷ್ಟು ಆನಂದವಾಗಿರಲಿಲ್ಲ. ಶೇಂಗಾ ಮತ್ತು ಗುರೆಳ್ಳಿನ ಪುಡಿ ತುಂಬಿದ ಬದನೆಕಾಯಿ ಎಣ್ಣೆಯಲ್ಲಿ ಮೆತ್ತಗಾಗುವ ಪರಿಮಳವನ್ನು ಉಣ್ಣುವವನಾಗಿ ಅರಿತಿದ್ದೆ. ಮಾಡುವವನಾಗಿ ಅರಿತಾಗ ಅದು ಬೇರೆಯೇ ಆಗಿತ್ತು.

ಇದು ಜಿಹ್ವಾಚಾಪಲ್ಯವಲ್ಲವೇ ಎಂದು ಹಿರಿಯ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಯೋಗ್ಯವಾದುದೇ. ರುಚಿಯ ದಾಸನು ತನಗೆ ಬೇಕಾದುದು ತನ್ನ ಮುಂದೆ ಬರಲೆಂದು ಬಯಸುತ್ತಾನೆ. ಮಾಡುವವರ ಚಿಂತೆ ಅವನಿಗಿಲ್ಲ. ಅಡುಗೆಯ ಆನಂದವಾದರೋ ಇನ್ನೊಬ್ಬರು ಉಂಡು ತೃಪ್ತರಾಗುವುದರಲ್ಲಿ ಪೂರ್ಣಗೊಳ್ಳುತ್ತದೆ. ದಿನವೂ ಮಾಡುವವನಿಗೆ ಪದಾರ್ಥದ ಬೆಲೆಯೂ ತಿಳಿಯುತ್ತದೆ. ತಾಟಿನಲ್ಲಿ ಅನ್ನ ಬಿಡುವ ನನ್ನ ಹಳೆಯ ಅಭ್ಯಾಸ ಬಿಟ್ಟುಹೋದದ್ದು ಉಪದೇಶದಿಂದಲ್ಲ, ಒಲೆಯ ಮುಂದೆ ನಿಂತದ್ದರಿಂದ. ನಮ್ಮ ಪೂರ್ವಜರಿಗೂ ಅಡುಗೆಯು ಅಲಕ್ಷ್ಯದ ವಿಷಯವಾಗಿರಲಿಲ್ಲ. ಮೂರನೆಯ ಮಂಗರಸನು 16ನೆಯ ಶತಮಾನದಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದನು. ಕೆಳದಿಯ ಬಸವಪ್ಪನಾಯಕನ 'ಶಿವತತ್ತ್ವರತ್ನಾಕರ'ದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವಿದೆ. ಶಾಸ್ತ್ರ ಬರೆಯಲು ಗಂಡಸರು ನಾಚಲಿಲ್ಲ. ಸೌಟು ಹಿಡಿಯಲು ನಾಚುವುದೇಕೆ?

ಆದರೆ ಆನಂದಕ್ಕೂ ಒಂದು ಮೇರೆ ಬೇಕು. ಆ ಮೇರೆಯನ್ನು ನಮಗೆ ತೋರಿಸಿದವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದಾಗ, ಆಕೆಯು ಆ ಹೆಚ್ಚಿನ ಅಕ್ಕಿಯನ್ನು ಮರಳಿ ಕಳುಹಿಸಿದ ಕಥೆ ನಿಮಗೆ ತಿಳಿದುದೇ. ಆಕೆಯ ಮನೆಯಲ್ಲಿ ದಾಸೋಹಕ್ಕೆ ಕೊರತೆಯಿರಲಿಲ್ಲ, ಸಂಗ್ರಹಕ್ಕೆ ಎಡೆಯಿರಲಿಲ್ಲ. ಇಂದು ಲಕ್ಷಗಟ್ಟಲೆ ವ್ಯಯಿಸಿ ಅಡುಗೆಮನೆ ಕಟ್ಟಿಸಿ, ಕಪಾಟಿನ ತುಂಬ ಬಳಸದ ಪಾತ್ರೆಗಳನ್ನು ಜೋಡಿಸಿ, ಊಟವನ್ನು ಹೊರಗಿನಿಂದ ತರಿಸುವ ಮನೆಗಳನ್ನೂ ಕಂಡಿದ್ದೇನೆ. ಹಳೆಯ ಪಡಸಾಲೆಯ ಆಡಂಬರವೇ ಈಗ ಒಳಮನೆಗೆ ಬಂದು ಕುಳಿತಿದೆಯೆನ್ನಬೇಕು. ಕಟ್ಟಿಸಿದ್ದು ಬಳಕೆಗೋ ತೋರಿಕೆಗೋ, ಅಲ್ಲಿ ದುಡಿಯುವವರ ಮೈಮನಗಳು ಹಗುರಾದವೋ ಇಲ್ಲವೋ ಎಂಬುದೇ ಇಲ್ಲಿ ಒರೆಗಲ್ಲು.

ಕಟ್ಟಿಸುವ ಶಕ್ತಿಯಿಲ್ಲದವರೇನು ಮಾಡಬೇಕು? ಬಡಕುಟುಂಬಗಳಿಗೆ ಅನಿಲ ಒದಗಿಸುವ ಉಜ್ವಲಾ ಯೋಜನೆಯನ್ನು ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿತು. ಹೊಗೆ ತಪ್ಪಿದ ಮನೆಗಳು ಹೆಚ್ಚಿವೆ, ಸಂತೋಷ. ಆದರೆ ಯಾವ ಯೋಜನೆಯಿಂದಲೂ ದೊರೆಯದ ವಸ್ತುವೊಂದಿದೆ. 2019ರಲ್ಲಿ ದೇಶದಾದ್ಯಂತ ನಡೆದ ಕಾಲ ಬಳಕೆಯ ಸಮೀಕ್ಷೆಯ ಪ್ರಕಾರ, ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ದಿನವೊಂದರಲ್ಲಿ ಕೈಹಚ್ಚುವ ಸ್ತ್ರೀಯರು ನೂರಕ್ಕೆ 81. ಪುರುಷರು ನೂರಕ್ಕೆ 26. ಕೈಹಚ್ಚಿದವರಲ್ಲಿಯೂ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಪುರುಷರು 97 ನಿಮಿಷ. ಈ ಅಂತರವನ್ನು ತುಂಬಲು ಸಿಮೆಂಟು ಬೇಡ, ಕಲ್ಲು ಬೇಡ. ಪ್ರಸಾದ ನಿಲಯದಲ್ಲಿ ಕಲಿತುದನ್ನು ಮನೆಯಲ್ಲಿ ನೆನಪಿಸಿಕೊಂಡರೆ ಸಾಕು.

ನನ್ನ ತಾಯಿಯವರು ಹೊಸ ಕಿಟಕಿಯ ಬೆಳಕನ್ನು ಕಾಣಲಿಲ್ಲ. ಈ ವಿಷಾದ ನನ್ನನ್ನು ಬಿಟ್ಟುಹೋಗುವುದಿಲ್ಲ, ಹೋಗಲೂಬಾರದು. ಗುಡಿಯ ಜೀರ್ಣೋದ್ಧಾರಕ್ಕೆ ನಾವೆಲ್ಲ ಭಕ್ತಿಯಿಂದ ಕಾಣಿಕೆ ಸಲ್ಲಿಸಿದ್ದೇವೆ. ಶ್ರೀಮಠದ ದಾಸೋಹಕ್ಕೆ ಧಾನ್ಯ ಮುಟ್ಟಿಸಿದ್ದೇವೆ. ಅದೇ ಭಕ್ತಿಯಿಂದ ನಾಳೆ ಮಧ್ಯಾಹ್ನ ಅಡುಗೆಯ ಹೊತ್ತಿನಲ್ಲಿ ನಿಮ್ಮ ಮನೆಯ ಪಾಕಶಾಲೆಯಲ್ಲಿ ಒಂದು ತಾಸು ನಿಂತು ನೋಡಿರಿ. ಗಾಳಿ ಎಲ್ಲಿಂದ ಬರುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ಬೆನ್ನು ಎಲ್ಲಿ ಬಾಗುತ್ತದೆ ಎಂಬುದನ್ನು ಗಮನಿಸಿರಿ. ಅನಂತರ ಅಲ್ಲಿ ದುಡಿಯುವವರನ್ನು, ಏನು ಬೇಕೆಂದು ಕೇಳಿರಿ. ಅವರು ಹೇಳುವುದನ್ನು ಮಾಡಿಸುವುದಕ್ಕೆ ಮೊದಲು, ಈಳಿಗೆಯ ಮುಂದೆ ಕುಳಿತು ನಾಲ್ಕು ಉಳ್ಳಾಗಡ್ಡಿಯನ್ನಾದರೂ ಹೆಚ್ಚಿಕೊಡಿರಿ.