ಶಮನವೂ ವಿವೇಕವೂ

ತರೀಕೆರೆಯ ಅಡಕೆ ತೋಟಗಳಲ್ಲಿ, ಕಡೂರಿನ ತೆಂಗಿನ ಸಾಲುಗಳಲ್ಲಿ, ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ, ರಾಗಿಯ ಕಣಗಳಲ್ಲಿ ದುಡಿಯುವವರಿಗೆ ಕಣ್ಣು ಕೆಂಪಾಗುವುದು ಅಪರೂಪದ ಸಂಗತಿಯಲ್ಲ. ಆ ಕಣ್ಣಿಗೆ ಔಷಧದ ಅಂಗಡಿಯಿಂದ ಒಂದು ಸೀಸೆ ಡ್ರಾಪ್ಸ್ ತಂದು ಬಿಟ್ಟುಕೊಂಡು, ಎರಡು ದಿನದಲ್ಲಿ ಉರಿ ಇಳಿದೊಡನೆ ರೋಗವೇ ತೊಲಗಿತೆಂದು ಸಮಾಧಾನ ತಾಳುವುದೂ ಅಪರೂಪವಲ್ಲ. ನೋವು ಅಡಗಿದ ಮಾತ್ರಕ್ಕೆ ಹಿತವಾಯಿತೆ? ಕಠೋಪನಿಷತ್ತಿನ ಯಮನು ಬಾಲಕನಾದ ನಚಿಕೇತನಿಗೆ ತಿಳಿಸಿದ, ಹಿತವಾದ ಶ್ರೇಯಸ್ಸು ಮತ್ತು ಕೇವಲ ಪ್ರಿಯವಾದ ಪ್ರೇಯಸ್ಸುಗಳ ಭೇದವು ಪರಲೋಕದ ವಿಚಾರಕ್ಕೆ ಎಷ್ಟು ಸಲ್ಲುತ್ತದೆಯೋ ಈ ಸಣ್ಣ ಸೀಸೆಗೂ ಅಷ್ಟೇ ಸಲ್ಲುತ್ತದೆಂದು ನನ್ನ ನಂಬಿಕೆ.

ಕಣ್ಣು ಕೆಂಪಾಗುವ ಕಾರಣಗಳಲ್ಲಿ ಒಂದನ್ನು ನೋಡೋಣ. ಪಾಪೆಯ ಸುತ್ತಲಿನ ಬಣ್ಣದ ಪರದೆಯೂ ಅದರ ಹಿಂದೆ ಹಬ್ಬಿದ ರಕ್ತನಾಳಗಳ ಪದರವೂ ಉರಿಯೂತಕ್ಕೆ ಗುರಿಯಾದಾಗ, ವೈದ್ಯರು ಯೂವಿಯೈಟಿಸ್ ಎನ್ನುವ ಆ ವ್ಯಾಧಿಯಲ್ಲಿ, ಕೇಡು ಮಾಡುವುದು ಅನೇಕ ಸಲ ಹೊರಗಿನ ಶತ್ರುವಲ್ಲ. ದೇಹವನ್ನು ಕಾಯಲೆಂದೇ ಹುಟ್ಟಿದ ಶಕ್ತಿ ಮಿತಿಮೀರಿ, ತಾನು ಕಾಯಬೇಕಾದುದನ್ನೇ ಸುಡತೊಡಗುತ್ತದೆ. ಬೆಳಕನ್ನು ಕಣ್ಣು ತಾಳಲಾರದು. ತಡಮಾಡಿದರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡು ದೃಷ್ಟಿಗೇ ಅಪಾಯ ಒದಗುತ್ತದೆ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಕೀಲುವಾತದ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಕೊಟ್ಟ ಕಾರ್ಟಿಸೋನ್, ಈ ಬಗೆಯ ಉರಿಗೆ ಕಡಿವಾಣವುಂಟೆಂಬುದನ್ನು ಲೋಕಕ್ಕೆ ತೋರಿಸಿತು. ಆ ಬಗೆಯ ಹಾರ್ಮೋನುಗಳ ಸಂಶೋಧನೆಗಾಗಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ 1950ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಕಾರ್ಟಿಸೋನಿನ ಜಾತಿಯ ಔಷಧವಾದ ಸ್ಟೀರಾಯ್ಡನ್ನು ಬಹುಕಾಲ ನುಂಗಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆಸವೆತಗಳ ರೂಪದಲ್ಲಿ ಶರೀರವೆಲ್ಲ ಬೆಲೆ ತೆರಬೇಕಾದುದರಿಂದ, ವೈದ್ಯರು ಸಾಧ್ಯವಾದೆಡೆಯಲ್ಲಿ ಅದನ್ನು ಕಣ್ಣಿಗೆ ಮಾತ್ರ ಸೀಮಿತಗೊಳಿಸುತ್ತಾರೆ: ಮುಂಭಾಗದ ಉರಿಗೆ ಪ್ರೆಡ್ನಿಸೊಲೋನ್ ಹನಿ, ಹಿಂಭಾಗಕ್ಕೆ ಗುಡ್ಡೆಯ ಬದಿಗೋ ಒಳಕ್ಕೋ ಟ್ರಯಾಮ್ಸಿನೊಲೋನ್ ಸೂಜಿ, ಇಲ್ಲವೆ ಕಣ್ಣೊಳಗೇ ಮೆಲ್ಲನೆ ಕರಗುವ, ಕೇವಲ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುವ ಒಂದು ಸಣ್ಣ ಕಡ್ಡಿ.

ಪ್ರಬಲವಾದ ಔಷಧವನ್ನು ಹೀಗೆ ಒಂದೆಡೆ ಸೀಮಿತಗೊಳಿಸುವುದು ನನಗೆ ಗುಡಿಯೊಂದನ್ನು ನೆನಪಿಗೆ ತರುತ್ತದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಎದ್ದ ಗುಡಿಯಲ್ಲಿ ನೆಲಸಿರುವ ದೇವರಿಗೆ ಅಮೃತೇಶ್ವರನೆಂದು ಹೆಸರು. ಹಾಲಾಹಲವನ್ನು ಉಗುಳದೆ, ಒಡಲಿಗೂ ಇಳಿಯಗೊಡದೆ, ಕಂಠದಲ್ಲಿಯೇ ನಿಲ್ಲಿಸಿದ ಶಿವನನ್ನು ಜನರು ಅಮೃತದ ಒಡೆಯನೆಂದು ಕರೆದುದರಲ್ಲಿ ನನಗೆ ಗಂಭೀರವಾದ ಅರ್ಥ ಕಾಣುತ್ತದೆ: ಪ್ರಬಲವಾದ ವಸ್ತುವಿಗೆ ಸ್ಥಾನವನ್ನೂ ಪ್ರಮಾಣವನ್ನೂ ಗೊತ್ತುಮಾಡುವ ಶಕ್ತಿಯೇ ರಕ್ಷಣೆ.

ಸ್ಥಾನವೊಂದನ್ನೇ ಗೊತ್ತುಮಾಡಿದರೆ ಸಾಲದು. ಅದೇ ಹನಿ ತಿಂಗಳುಗಟ್ಟಲೆ ಬಿದ್ದರೆ ಕಣ್ಣಿನಲ್ಲಿ ಪೊರೆ ಬೆಳೆಯಬಹುದು. ಕೆಲವರಲ್ಲಿ ಕಣ್ಣಿನ ಒಳಗಿನ ಒತ್ತಡ ನೋವಿಲ್ಲದೆ ಏರಿ ದೃಷ್ಟಿಯ ನರವನ್ನೇ ಸವೆಸಬಹುದು. ಅದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ರಾಗಿಯ ಹೊಟ್ಟೋ ತೆಂಗಿನ ಗರಿಯೋ ತಗುಲಿ ಗೀರಿದ ಕಣ್ಣಿಗೆ ಶಿಲೀಂಧ್ರ ಹಿಡಿದಿದ್ದಾಗ ಸ್ಟೀರಾಯ್ಡ್ ಹಾಕಿದರೆ, ಕಾವಲು ನಿಂತ ಶಕ್ತಿ ಕುಗ್ಗಿ, ಕೆಂಪು ಮಾಯವಾಗಿ, ರೋಗವು ನಿರಾತಂಕವಾಗಿ ಒಳಕ್ಕೆ ಇಳಿಯುತ್ತದೆ. ಹಳ್ಳಿಯವರು ಕಣ್ಣಿಗೆ ಹೂವು ಬಿತ್ತು ಎನ್ನುವ ಬಿಳಿಯ ಕಲೆ ಉಳಿದಾಗ ಕಾಲ ಮಿಂಚಿರುತ್ತದೆ. ಒಂದು ಕಣ್ಣಿಗೆ ಅಮೃತವಾದುದು ಇನ್ನೊಂದಕ್ಕೆ ವಿಷವಾದುದು ದೈವದ ಅನ್ಯಾಯವಲ್ಲ, ಕಾರಣವನ್ನು ಅರಸದೆ ಲಕ್ಷಣವನ್ನು ಮಾತ್ರ ಅಡಗಿಸಿದ ನಮ್ಮ ಆತುರದ ಫಲ.

ತನ್ನ ಮನೆಯಲ್ಲಿ ಉಳಿದ ಸೀಸೆಯನ್ನು ನೆರೆಯವರಿಗೆ ಕೊಡುವ ತಾಯಿಯ ಮರುಕ ಸುಳ್ಳಲ್ಲ. ಆದರೆ ವಿವೇಕವಿಲ್ಲದ ಮರುಕಕ್ಕೆ ದಯೆಯೆಂಬ ಹೆಸರು ಸಲ್ಲದೆಂದೇ ನಾನು ಹೇಳುವೆ. ಸ್ಟೀರಾಯ್ಡ್ ಎಂದೊಡನೆ ಹೆದರಿ, ಯೂವಿಯೈಟಿಸ್ಸಿಗೆ ವೈದ್ಯರು ಬರೆದ ಹನಿಯನ್ನು ನಡುವೆ ನಿಲ್ಲಿಸಿ ಇದು ಪ್ರಾರಬ್ಧವೆಂದು ಕೈಚೆಲ್ಲುವವರ ತಪ್ಪೂ ಇದಕ್ಕೆ ಸಮನಾದುದು. ದೇವಿಗೆ ಬೆಳ್ಳಿಯ ಕಣ್ಣನ್ನು ಹರಸಿಕೊಳ್ಳುವವರು ಅದನ್ನು ಶ್ರದ್ಧೆಯಿಂದ ಸಲ್ಲಿಸಲಿ. ಹರಕೆಗೂ ಚಿಕಿತ್ಸೆಗೂ ವೈರವಿಲ್ಲ.

ಆದುದರಿಂದ ತರೀಕೆರೆ, ಕಡೂರು, ಅಜ್ಜಂಪುರಗಳ ಬಂಧುಗಳಲ್ಲಿ ನನ್ನ ಪ್ರಾರ್ಥನೆ: ಕಣ್ಣು ಕೆಂಪಾಗಿ ನೋವೋ ಮಬ್ಬೋ ಕಂಡರೆ, ಅಂಗಡಿಗೆ ಹೋಗುವ ಮೊದಲು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿ ನೇತ್ರವೈದ್ಯರಿಗೆ ತೋರಿಸಿರಿ, ಸ್ಟೀರಾಯ್ಡ್ ಬರೆದುಕೊಟ್ಟರೆ ಹೇಳಿದಷ್ಟು ಕಾಲ, ಹೇಳಿದ ಕ್ರಮದಲ್ಲಿ ಇಳಿಸುತ್ತ ಹಾಕಿರಿ, ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳಲು ಕರೆದ ದಿನ ತಪ್ಪದೆ ಹೋಗಿರಿ, ಉಳಿದ ಸೀಸೆಯನ್ನು ಯಾರಿಗೂ ಕೊಡಬೇಡಿರಿ.